ಮಂಡಿನೋವಿನ ಮಾತ್ರೆಯೂ ಬಿಪಿ ಮಾತ್ರೆಯೂ

ಪ್ರಶ್ನೆ: ನಮ್ಮದು ಹೊಸದುರ್ಗ ತಾಲ್ಲೂಕಿನ ಹಳ್ಳಿ. ಅಮ್ಮನಿಗೆ 61. ಹಲವು ವರ್ಷಗಳಿಂದ ಬಿಪಿ ಮಾತ್ರೆ ತಗೊಳ್ತಾರೆ. ಮಂಡಿನೋವಿಗೆ ಮೆಡಿಕಲ್ ಶಾಪಿನಿಂದ ಬಿಡಿ ಮಾತ್ರೆ ತರಿಸಿಕೊಂಡು, ಕೂಲಿಗೆ ಹೋದ ದಿನ ಎರಡು ನುಂಗುತ್ತಾರೆ. ಮೊನ್ನೆ ಕ್ರಿಯಾಟಿನಿನ್ 1.7 ಬಂತು. ಬಿಪಿ ಮಾತ್ರೆಯಿಂದಲೇ ಕಿಡ್ನಿ ಕೆಟ್ಟಿತು, ನಿಲ್ಲಿಸಿ ಅನ್ನುತ್ತಾರೆ ನೆಂಟರು. ನಿಲ್ಲಿಸಲೇ?

ಉತ್ತರ: ನೀವಾಗಿಯೇ ನಿಲ್ಲಿಸಬೇಡಿ. ಹತೋಟಿ ತಪ್ಪಿದ ಬಿಪಿಯೇ ಕಿಡ್ನಿಗೆ ದೊಡ್ಡ ಶತ್ರು. ಇವತ್ತೇ ನಿಲ್ಲಬೇಕಾದ್ದು ಆ ಬಿಡಿ ಮಾತ್ರೆ. ಅಂಗಡಿಯವರಲ್ಲಿ ಸ್ಟ್ರಿಪ್ ಕೇಳಿ, ಹಿಂಬದಿಯ ಸಣ್ಣಕ್ಷರ ಓದಿ. ಡೈಕ್ಲೋಫೆನಾಕ್, ಅಸೆಕ್ಲೋಫೆನಾಕ್, ಐಬುಪ್ರೊಫೆನ್, ನಿಮೆಸುಲೈಡ್ ಇವುಗಳಲ್ಲೊಂದು ಇದ್ದೇ ಇರುತ್ತದೆ ಅಂತ ನನ್ನ ಅನುಮಾನ.

ಕಿಡ್ನಿಯ ಜರಡಿಗೆ ರಕ್ತ ಒಳಬರುವ ಬಾಗಿಲೊಂದು, ಹೊರಹೋಗುವ ಬಾಗಿಲೊಂದು. ಈ ನೋವಿನ ಮಾತ್ರೆಗಳು ಒಳಬಾಗಿಲನ್ನು ಬಿಗಿ ಮಾಡುತ್ತವೆ. ಬಿಪಿಗೆ ಕೊಡುವ ಟೆಲ್ಮಿಸಾರ್ಟನ್, ಲೊಸಾರ್ಟನ್ ಹೊರಬಾಗಿಲನ್ನು ಸಡಿಲಿಸುತ್ತವೆ. ಅದೊಂದೇ ಆಗಿದ್ದರೆ ಕಿಡ್ನಿಗೆ ಸಾಮಾನ್ಯವಾಗಿ ಒಳ್ಳೆಯದೇ. ಎರಡೂ ಕೂಡಿದರೆ ಸೋಸುವ ಒತ್ತಡವೇ ಕುಸಿಯುತ್ತದೆ. ಬಿಪಿ ಮಾತ್ರೆಯ ಹೆಸರಿನ ಕೊನೆಗೆ ‘ಎಚ್’ ಇದ್ದರೆ ಸಾಮಾನ್ಯವಾಗಿ ಮೂತ್ರ ಹೆಚ್ಚಿಸುವ ಔಷಧವೂ ಸೇರಿದೆ ಎಂದರ್ಥ. ಇದರ ಮೇಲೆ ಏಪ್ರಿಲ್ ಬಿಸಿಲಲ್ಲಿ ನೀರು ಕುಡಿಯದೆ ಕಳೆ ಕಿತ್ತರೆ ಕಿಡ್ನಿ ತಡೆಯುವುದು ಕಷ್ಟ. ಡೈಕ್ಲೋಫೆನಾಕ್ ಕೊಟ್ಟಿದ್ದ ದನಗಳ ಹೆಣ ತಿಂದು, ಕಿಡ್ನಿ ಕೆಟ್ಟು ನಮ್ಮ ರಣಹದ್ದುಗಳು ಸತ್ತವು. 2006ರಲ್ಲಿ ಅದನ್ನು ಜಾನುವಾರುಗಳಿಗೆ ನಿಷೇಧಿಸಿದರು. ಹದ್ದಿನಷ್ಟು ಸೂಕ್ಷ್ಮ ನಾವಲ್ಲ ನಿಜ, ಔಷಧ ಮಾತ್ರ ಅದೇ.

ಅಮ್ಮ ಇಷ್ಟು ವರ್ಷ ಯಾವ ನೀರು ಕುಡಿದರು ಅನ್ನುವುದನ್ನೂ ಡಾಕ್ಟರಿಗೆ ಹೇಳಿ. ಚಿತ್ರದುರ್ಗ ಜಿಲ್ಲೆಯ ಎಷ್ಟೋ ಕೊಳವೆಬಾವಿಗಳಲ್ಲಿ ಫ್ಲೋರೈಡ್ ಲೀಟರಿಗೆ 1.5 ಮಿಲಿಗ್ರಾಂ ಮಿತಿ ದಾಟಿದೆ. ಅದರಿಂದಲೂ ಕೀಲು ಹಿಡಿದು ನೋಯುತ್ತದೆ, ನೋವಿಗೆ ಮಾತ್ರೆ, ಮಾತ್ರೆಗೆ ಕಿಡ್ನಿ! ಕಾಯಿಸಿದರೆ ಫ್ಲೋರೈಡ್ ಹೋಗದು. ಶುದ್ಧ ನೀರಿನ ಘಟಕದ ನೀರು ತನ್ನಿ.

ಈ ವಾರವೇ ತಾಲ್ಲೂಕು ಆಸ್ಪತ್ರೆಗೆ ಎಲ್ಲ ಮಾತ್ರೆಗಳನ್ನೂ ಚೀಲದಲ್ಲಿ ಹಾಕಿಕೊಂಡು ಹೋಗಿ. ಹೆಸರಿಲ್ಲದ ಪುಡಿ, ಭಸ್ಮ ಇದ್ದರೆ ಅದನ್ನೂ. ಕ್ರಿಯಾಟಿನಿನ್ ಮತ್ತೆ ನೋಡಿಸಿ, ಜೊತೆಗೆ ಪೊಟ್ಯಾಸಿಯಂ, ಮೂತ್ರದ ಆಲ್ಬುಮಿನ್. ಬಿಪಿ ಮಾತ್ರೆಯ ಡೋಸು ಬದಲಿಸುವುದು ಅವರಿಗೆ ಬಿಟ್ಟಿದ್ದು. ನೋವಿನ ಮಾತ್ರೆಯದಷ್ಟೇ ತಪ್ಪಾಗಿದ್ದರೆ, ಬಿಟ್ಟ ಮೇಲೆ ಅಂಕಿ ಇಳಿಯುವುದುಂಟು. ಮೂರು ತಿಂಗಳಾದರೂ ಇಳಿಯದಿದ್ದರೆ ಕಾಯಿಲೆ ಹಳೆಯದು. ಅಲ್ಲಿಯವರೆಗೆ ನೋವಿಗೆ ಲಿವರ್ ತೊಂದರೆ ಇಲ್ಲದಿದ್ದರೆ ಪ್ಯಾರಾಸಿಟಮಾಲ್ 500, ಆರು ಗಂಟೆ ಅಂತರದಲ್ಲಿ, ದಿನಕ್ಕೆ ನಾಲ್ಕು ಮೀರದಂತೆ. ಆದರೆ ಬರೀ ಪ್ಯಾರಾಸಿಟಮಾಲ್ ಇರಬೇಕು, ಬೆರಕೆಯದಲ್ಲ.

ಮೂತ್ರ ಕಡಿಮೆಯಾಗಿ, ಮುಖ ಕಾಲು ಊದಿ, ಉಸಿರು ಕಟ್ಟಿದರೆ ವಾರ ಕಾಯಬೇಡಿ, ಅದೇ ದಿನ ಜಿಲ್ಲಾಸ್ಪತ್ರೆಗೆ ಹೊರಡಿ. ವಾಂತಿ ಭೇದಿಯಾದ ದಿನ ಬಿಪಿ ಮಾತ್ರೆ ಕೊಡುವ ಮುಂಚೆ ಡಾಕ್ಟರಿಗೆ ಒಂದು ಫೋನ್ ಮಾಡಿ.