ಗಾಯಗೊಂಡ ಹೃದಯಕ್ಕೆ ಯಾವ ನಕ್ಷೆ?

ಪ್ರಶ್ನೆ: ನನ್ನ ತಂದೆಯವರಿಗೆ ಎಪ್ಪತ್ತೊಂದು ವರ್ಷ. ಹಿಂದೊಮ್ಮೆ ಹೃದಯಾಘಾತವಾಗಿ, ಆಮೇಲೆ ಎದೆಯಲ್ಲಿ ಐಸಿಡಿ (ಮಿಡಿತ ಕೆಟ್ಟಾಗ ಶಾಕ್ ಕೊಡುವ ಯಂತ್ರ) ಕೂರಿಸಿದ್ದಾರೆ. ಮಾತ್ರೆ ತಪ್ಪಿಸದಿದ್ದರೂ ವಿ.ಟಿ. (ಹೃದಯದ ಕೆಳಕೋಣೆಯ ಅತಿವೇಗದ ಮಿಡಿತ) ಮರುಕಳಿಸಿ ಈಚೆಗೆ ಎರಡು ಸಲ ಶಾಕ್ ಹೊಡೆಯಿತು. ಅದರ ಮೂಲವನ್ನು ಸುಡುವ ಅಬ್ಲೇಶನ್ ಬೇಕೆಂಬುದನ್ನು ಎಲ್ಲರೂ ಒಪ್ಪಿದ್ದಾರೆ. ಆದರೆ ಠಾಣೆಯ ತಜ್ಞರು ವಿ.ಟಿ.ಯನ್ನು ಬರಿಸಿ, ಅದು ನಡೆಯುತ್ತಿರುವಾಗಲೇ ಮ್ಯಾಪಿಂಗ್ (ವಿದ್ಯುತ್ಪ್ರವಾಹದ ನಕ್ಷೆ) ಮಾಡುವೆವೆನ್ನುತ್ತಾರೆ. ನವಿ ಮುಂಬಯಿಯವರು ಬರಿಸದೆಯೇ ಆಗುತ್ತದೆ ಎನ್ನುತ್ತಾರೆ. ಯಾವುದು ಮೇಲು?
— ಒಬ್ಬ ಓದುಗರು, ಡೊಂಬಿವಲಿ ಪೂರ್ವ

ಉತ್ತರ: ಹೃದಯಾಘಾತದಲ್ಲಿ ಮಡಿದ ಸ್ನಾಯುವಿನ ಸ್ಥಾನದಲ್ಲಿ ಕಾಲಕ್ರಮೇಣ ನಾರುನಾರಾದ ಕಲೆಯೊಂದು ಉಳಿಯುವುದಷ್ಟೆ, ಆ ಕಲೆಯೊಳಗೆ ಅಲ್ಲಲ್ಲಿ ಬದುಕುಳಿದ ಎಳೆಗಳ ಮೂಲಕ ವಿದ್ಯುತ್ಪ್ರವಾಹವು ಮಂದಗತಿಯಿಂದ ನುಸುಳಿ, ಹೊರಬಂದು, ಕಲೆಯನ್ನು ಬಳಸಿ ಮತ್ತೆ ಅದೇ ಬಾಯಿಂದ ಒಳಹೊಕ್ಕು ಪರಿಭ್ರಮಿಸತೊಡಗಿದಾಗ ವಿ.ಟಿ. ಹುಟ್ಟುತ್ತದೆ. ಇದಕ್ಕೆ ನಿಮ್ಮ ಕಡೆಯ ರೈಲುದಾರಿಯನ್ನೇ ಹೋಲಿಸಬಹುದು: ಠಾಣೆಗೂ ದಿವಾಕ್ಕೂ ನಡುವೆ ಒಂದು ಹಳಿ ಪಾರ್ಸಿಕ್ ಗುಡ್ಡವನ್ನು ಸುರಂಗದಿಂದ ಭೇದಿಸುತ್ತದೆ, ಇನ್ನೊಂದು ಮುಂಬ್ರಾದ ಕಡೆಯಿಂದ ಗುಡ್ಡವನ್ನು ಬಳಸುತ್ತದೆ. ಗಾಡಿಯೊಂದು ಸುರಂಗದಲ್ಲಿ ಹೋಗಿ ಮುಂಬ್ರಾದಿಂದ ಮರಳಿ ನಿಲ್ಲದೆ ಸುತ್ತುತ್ತಿದೆಯೆಂದು ಭಾವಿಸಿರಿ. ಸುರಂಗವನ್ನು ಮುಚ್ಚಿದರೆ ಸುತ್ತು ನಿಲ್ಲುತ್ತದೆ. ಕಲೆಯೊಳಗಿನ ಎಳೆಗಳ ದಾರಿಯೇ ಆ ಸುರಂಗ, ಅಬ್ಲೇಶನ್ ಅದನ್ನು ಮುಚ್ಚುತ್ತದೆ. ಆ ಸುರಂಗವನ್ನು ಹುಡುಕುವ ಬಗೆಯಲ್ಲಿಯೇ ತಜ್ಞರೊಳಗೆ ಭೇದವಿರುವುದು.

ವಿ.ಟಿ. ನಡೆಯುತ್ತಿರುವಾಗಲೇ ಪ್ರತಿಯೊಂದು ಬಿಂದುವಿಗೂ ಪ್ರವಾಹ ತಲಪುವ ಕಾಲವನ್ನು ಅಳೆದು, ವಿ.ಟಿ.ಗಿಂತ ಕಿಂಚಿತ್ ವೇಗವಾಗಿ ಪೇಸ್ ಮಾಡಿ (ವಿದ್ಯುತ್ತಿನಿಂದ ಮಿಡಿಸಿ) ಆ ಸ್ಥಳವು ಸುತ್ತಿಗೆ ಸೇರಿದುದೋ ಅಲ್ಲವೋ ಎಂದು ಪರೀಕ್ಷಿಸತಕ್ಕ ಕ್ರಮವು ಶಾಸ್ತ್ರದೃಷ್ಟಿಯಿಂದ ಅತ್ಯಂತ ನಿರ್ದುಷ್ಟವಾದುದು. ಆದರೆ ಅದಕ್ಕೆ ವಿ.ಟಿ. ಕೆಲಕಾಲ ಸ್ಥಿರವಾಗಿ ನಿಲ್ಲಬೇಕು, ರಕ್ತದೊತ್ತಡವೂ ಕುಸಿಯಬಾರದು. ದುರ್ಬಲಗೊಂಡ ಹೃದಯಗಳಲ್ಲಿ ಅನೇಕವು ಇದನ್ನು ತಾಳಲಾರವು. ಪೇಸ್ ಮ್ಯಾಪಿಂಗ್ ಎಂಬುದು ಸಹಜ ಮಿಡಿತದಲ್ಲಿ ನಡೆಯತಕ್ಕದ್ದು. ಒಂದೊಂದು ಸ್ಥಳದಿಂದ ಪೇಸ್ ಮಾಡಿ, ದೊರೆತ ಇಸಿಜಿಯನ್ನು ವಿ.ಟಿ.ಯ ಇಸಿಜಿಯೊಡನೆ ಹೋಲಿಸುತ್ತಾರೆ. ಅದು ಸುರಂಗದ ಹೊರಬಾಗಿಲನ್ನು ತೋರಿಸೀತು, ಒಳಭಾಗವನ್ನು ಅಷ್ಟಾಗಿ ತೋರಿಸದು.

ನವಿ ಮುಂಬಯಿಯವರು ಹೇಳಿದುದು ಬಹುಶಃ ಸಬ್‌ಸ್ಟ್ರೇಟ್ ಮ್ಯಾಪಿಂಗ್. ಸಹಜ ಮಿಡಿತದಲ್ಲಿಯೇ ಕ್ಯಾತಿಟರ್ ಎಂಬ ತೆಳುಕೊಳವೆ ಹೃತ್ಕುಕ್ಷಿಯ (ಕೆಳಕೋಣೆಯ) ಒಳಗೋಡೆಯನ್ನೆಲ್ಲ ಸವರುತ್ತ ಹೋಗುತ್ತದೆ, ಸಂಕೇತವು 0.5 ಮಿಲಿವೋಲ್ಟಿಗಿಂತ ಕ್ಷೀಣವಾದಲ್ಲಿ ದಟ್ಟವಾದ ಕಲೆಯೆಂದೂ, 0.5ರಿಂದ 1.5ರವರೆಗೆ ಅಂಚಿನ ಪ್ರದೇಶವೆಂದೂ ಬಣ್ಣಗಳಲ್ಲಿ ನಕ್ಷೆ ಮೂಡುತ್ತದೆ. ಅದರ ಮೇಲೆ, ಮಿಡಿತವೆಲ್ಲ ಮುಗಿದ ಬಳಿಕ ತಡವಾಗಿ ಬರುವ ಸಣ್ಣ ಸಂಕೇತಗಳನ್ನು ಅರಸಿ, ಅಂಥ ತಾಣಗಳನ್ನೆಲ್ಲ ಸುಡುತ್ತಾರೆ. ಇದಕ್ಕೂ ಮಿತಿಯುಂಟು: ಎಲೆಕ್ಟ್ರೋಡ್ ದೊಡ್ಡದಾದರೆ ಸೂಕ್ಷ್ಮವಾದ ಎಳೆ ಕಾಣದೆ ಹೋಗಬಹುದು, ಗೋಡೆಯ ಆಳದಲ್ಲಿಯೋ ಹೊರಮೈಯಲ್ಲಿಯೋ ಇರುವ ಕಲೆ ಒಳಗಿನ ನಕ್ಷೆಗೆ ಸಿಕ್ಕದು. ಮೊದಲೇ ಎಂಆರ್‌ಐ ಮಾಡಿಸಿದ್ದರೆ ಆ ಸುಳಿವು ಸಿಗುತ್ತದೆಯಾದರೂ, ಐಸಿಡಿ ಇರುವವರಲ್ಲಿ ಚಿತ್ರವು ಕೆಲವೊಮ್ಮೆ ಕೆಡುತ್ತದೆ.

2015ರಲ್ಲಿ ಪ್ರಕಟವಾದ ‘ವಿಸ್ಟಾ’ ಅಧ್ಯಯನವು ತಮ್ಮ ಸಂದೇಹಕ್ಕೆ ಅತಿ ಸಮೀಪದ್ದು. ಹೃದಯಾಘಾತದ ಕಲೆಯುಳ್ಳ, ವಿ.ಟಿ.ಯನ್ನು ತಾಳಬಲ್ಲ 118 ರೋಗಿಗಳಲ್ಲಿ ಕೆಲವರಿಗೆ ಬಂದ ವಿ.ಟಿ.ಯನ್ನಷ್ಟೇ ಗುರಿಯಾಗಿರಿಸಿಕೊಂಡೂ, ಮಿಕ್ಕವರಿಗೆ ಕಲೆಯನ್ನೆಲ್ಲ ವ್ಯಾಪಿಸಿಯೂ ಅಬ್ಲೇಶನ್ ಮಾಡಲಾಯಿತು. ವರ್ಷದೊಳಗೆ ಮೊದಲನೆಯ ಗುಂಪಿನಲ್ಲಿ ಶೇಕಡ 48.3 ಮಂದಿಗೆ, ಎರಡನೆಯದರಲ್ಲಿ ಶೇಕಡ 15.5 ಮಂದಿಗೆ ವಿ.ಟಿ. ಮರುಕಳಿಸಿತು. ಚಿಕ್ಕ ಅಧ್ಯಯನವೇನೋ ನಿಜ. ಆದರೂ ತಾಳಬಲ್ಲವರಲ್ಲಿಯೇ ಫಲ ಹೀಗಿದ್ದುದರಿಂದ ನನ್ನ ಒಲವು ಸಬ್‌ಸ್ಟ್ರೇಟ್ ಕ್ರಮದ ಕಡೆಗೆ. ಕುಶಲನಾದವನು ಅದನ್ನು ಅಡಿಪಾಯ ಮಾಡಿಕೊಂಡು, ರೋಗಿ ತಾಳುವನೆಂದು ಕಂಡರೆ ವಿ.ಟಿ.ಯನ್ನೂ ಬರಿಸಿ ನೋಡುತ್ತಾನೆ. ನಕ್ಷೆ ತೆಗೆಯುವ ಯಂತ್ರವು ಕಾರ್ಟೊ ಆಗಲಿ ಎನ್‌ಸೈಟ್ ಆಗಲಿ, ಅದಕ್ಕಿಂತ ಕ್ಯಾತಿಟರ್ ಹಿಡಿದ ಕೈಯ ಅನುಭವ ಮುಖ್ಯ. ಆದುದರಿಂದ, ತಂದೆಯವರ ರಕ್ತದೊತ್ತಡ ಕುಸಿದರೆ ಮುಂದೇನೆಂದು ಇಬ್ಬರು ತಜ್ಞರನ್ನೂ ಕೇಳಿರಿ, ವಿ.ಟಿ. ಬಂದಾಗ ತೆಗೆದ ಹನ್ನೆರಡು ಲೀಡಿನ ಇಸಿಜಿ, ಐಸಿಡಿಯ ಕಾರ್ಡು, ಶಾಕಿನ ದಾಖಲೆಗಳನ್ನು ಜೊತೆಗೊಯ್ಯಿರಿ.

ಒಂದು ಮಾತು ಮಾತ್ರ ನಕ್ಷೆಯ ಚರ್ಚೆಗಿಂತ ತುರ್ತಿನದು. ಇಪ್ಪತ್ನಾಲ್ಕು ಗಂಟೆಗಳೊಳಗೆ ಮತ್ತೆ ಮತ್ತೆ ಶಾಕ್ ಬಂದರೆ, ಅಥವಾ ಒಂದೇ ಶಾಕಿನ ಬಳಿಕ ಎಚ್ಚರ ತಪ್ಪಿದರೆ, ಗೊತ್ತುಮಾಡಿದ ತಜ್ಞರೇ ಬೇಕೆಂದು ದಾರಿಯಲ್ಲಿನ ಶಿಳ್‌ಫಾಟಾದ ವಾಹನಸಂದಣಿಯಲ್ಲಿ ಸಿಕ್ಕಿಕೊಳ್ಳಬೇಡಿರಿ. 108ಕ್ಕೆ ಕರೆಮಾಡಿ ಡೊಂಬಿವಲಿಯಲ್ಲಿಯೋ ಕಲ್ಯಾಣದಲ್ಲಿಯೋ ಹತ್ತಿರದ ಐಸಿಯುವಿಗೆ ಮೊದಲು ಸೇರಿಸಿರಿ.