ಡಿಶ್ ಬಾಕ್ಸ್‌ಗೆ ಹೊಸ ಸಾಫ್ಟ್‌ವೇರ್: ನಮ್ಮೂರ ಟೆಕ್ನಿಷಿಯನ್‌ಗೆ ಎಂಟು ಸೂತ್ರ

ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲ. ಈ ನಾಲ್ಕು ತಾಲ್ಲೂಕುಗಳ ಹಳ್ಳಿಗಳಲ್ಲಿ ಡಿಶ್ ಕೂರಿಸಿ, ಕೇಬಲ್ ಎಳೆದು ಬದುಕು ಕಟ್ಟಿಕೊಂಡಿರುವ ಹುಡುಗರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಡಿಶ್ ತಿರುಗಿಸಿ ಸಿಗ್ನಲ್ ಹಿಡಿಯುವುದರಲ್ಲಿ ನಿಮ್ಮ ಕೈ ಪಳಗಿದೆ. ಆದರೆ ಪರದೆಯ ಮೇಲೆ ‘ಸಾಫ್ಟ್‌ವೇರ್ ಅಪ್‌ಡೇಟ್’ ಅಂತ ಬಂದ ಕೂಡಲೇ ಗಾಬರಿಬಿದ್ದು ಸ್ವಿಚ್ ಆರಿಸುವವರು ಇನ್ನೂ ಇದ್ದಾರೆ. ಚೆನ್ನಾಗಿದ್ದ ಬಾಕ್ಸ್ ಕೆಡುವುದು ಆಗಲೇ. ಅಪ್‌ಡೇಟ್ ಎಲ್ಲಿಂದ, ಹೇಗೆ ಬರುತ್ತದೆಂದು ಬಲ್ಲವನನ್ನು ಜನ ಹುಡುಕಿಕೊಂಡು ಬರುತ್ತಾರೆ.

1. ಬಾಕ್ಸ್‌ಗೆ ಕಿವಿ ಇದೆ, ಬಾಯಿಲ್ಲ

ಫೋನು ತನಗೆ ಬೇಕಾದ ಅಪ್‌ಡೇಟನ್ನು ಕೇಳಿ ತರಿಸಿಕೊಳ್ಳುತ್ತದೆ. ಡಿಶ್ ಬಾಕ್ಸ್ ಹಾಗಲ್ಲ. ಎಲ್‌ಎನ್‌ಬಿ ಸಿಗ್ನಲ್ ಹಿಡಿಯುತ್ತದೆ ಅಷ್ಟೆ, ಏನನ್ನೂ ವಾಪಸ್ ಕಳಿಸುವುದಿಲ್ಲ. ಆದ್ದರಿಂದ ಹೊಸ ಸಾಫ್ಟ್‌ವೇರನ್ನು ಸಣ್ಣ ಸಣ್ಣ ತುಂಡು ಮಾಡಿ, ಚಾನೆಲ್‌ಗಳ ಜೊತೆಗೇ ಭೂಕೇಂದ್ರದಿಂದ ಮೇಲೆ ಕಳಿಸುತ್ತಾರೆ. ಸುಮಾರು 36,000 ಕಿ.ಮೀ. ಎತ್ತರದಲ್ಲಿರುವ ಉಪಗ್ರಹ ಅದನ್ನು ದೇಶದ ಮೇಲೆಲ್ಲ ಸುರಿಯುತ್ತದೆ. ಡಿಡಿ ಫ್ರೀ ಡಿಶ್‌ನ ಭೂಕೇಂದ್ರ ಇರುವುದು ದೆಹಲಿಯ ತೋಡಾಪುರದಲ್ಲಿ, ಉಪಗ್ರಹ ಜಿಸ್ಯಾಟ್-15. ಇಸ್ರೋದ ಇಂಥ ಉಪಗ್ರಹಗಳನ್ನು ಜಾಗ ಬಿಟ್ಟು ಕದಲದಂತೆ ಕಾಯುವ ಮುಖ್ಯ ನಿಯಂತ್ರಣ ಕೇಂದ್ರ 1982ರಿಂದ ಹಾಸನದಲ್ಲಿದೆ. ಕೆ.ಆರ್. ಪೇಟೆ, ನಾಗಮಂಗಲದ ಗಡಿ ದಾಟಿದರೆ ಅದೇ ಜಿಲ್ಲೆ. ಇದು ನಮ್ಮ ಹುಡುಗರಿಗೆ ಹೆಮ್ಮೆಯಿಂದ ಗೊತ್ತಿರಬೇಕಾದ ಮಾತು.

ಯಾವ ಮನೆಯ ಬಾಕ್ಸ್ ಎಷ್ಟು ತುಂಡು ಹಿಡಿಯಿತು ಎಂದು ಕಳಿಸಿದವರಿಗೆ ತಿಳಿಯುವುದಿಲ್ಲ. ಅದಕ್ಕೇ ತುಂಡುಗಳನ್ನು ದಿನಗಟ್ಟಲೆ, ವಾರಗಟ್ಟಲೆ, ಜಾತ್ರೆಯ ರಂಕಲರಾಟೆಯ ತೊಟ್ಟಿಲುಗಳಂತೆ ಸುತ್ತಿಸುತ್ತಲೇ ಇರುತ್ತಾರೆ. ಒಂದು ತುಂಡು ತಪ್ಪಿದರೆ ಮುಂದಿನ ಸುತ್ತಿನಲ್ಲಿ ಸಿಗುತ್ತದೆ. ತಯಾರಕರ ಸಂಕೇತ, ಬಾಕ್ಸಿನ ಮಾಡೆಲ್, ಸಾಫ್ಟ್‌ವೇರ್ ಆವೃತ್ತಿ, ಈ ವಿವರಗಳೂ ಅದರ ಜೊತೆಗೇ ಬರುತ್ತವೆ. ತನ್ನ ಗುರುತಿಗೆ ತಾಳೆಯಾಗಿ, ತನ್ನಲ್ಲಿರುವುದಕ್ಕಿಂತ ಹೊಸದಾಗಿದ್ದರೆ ಮಾತ್ರ ಬಾಕ್ಸ್ ಇಳಿಸಿಕೊಳ್ಳುತ್ತದೆ. ಎಲ್ಲ ತುಂಡು ಸೇರಿದ ಮೇಲೆ ಸರಿಯಿದೆಯೇ, ಅಸಲಿಯೇ ಎಂದು ಪರೀಕ್ಷಿಸಿ ಮೆಮೊರಿಗೆ ಬರೆದುಕೊಳ್ಳುತ್ತದೆ. ‘ಪಕ್ಕದ ಮನೆಯವರಿಗೆ ಬಂತು, ನಮಗ್ಯಾಕೆ ಬರಲಿಲ್ಲ’ ಎಂದು ಕೇಳುವವರಿಗೆ ಬಹುಪಾಲು ಇದೇ ಉತ್ತರ: ಮಾಡೆಲ್ ಬೇರೆ.

2. ಮೂರು ಕೆಲಸ ಬೇರೆ ಬೇರೆ ಎಂದು ತಿಳಿಯಿರಿ

ಪ್ರಸಾರ ಭಾರತಿ ಫ್ರೀ ಡಿಶ್‌ನ ಜಾಗಗಳನ್ನು ಹರಾಜು ಹಾಕಿದ ಮೇಲೆ ಚಾನೆಲ್‌ಗಳು ಹೋಗುತ್ತವೆ, ಬರುತ್ತವೆ. ಅದಕ್ಕೆ ಬೇಕಾದ್ದು ಮರುಹುಡುಕಾಟ, ಅಂದರೆ ಸ್ಕ್ಯಾನ್. ರೀಚಾರ್ಜ್ ಮಾಡಿಯೂ ಚಾನೆಲ್ ತೆರೆಯದಿದ್ದರೆ ಬೇಕಾದ್ದು ರಿಫ್ರೆಶ್; ಬಾಕ್ಸ್ ಆನ್ ಮಾಡಿಟ್ಟು ಕಾಯಬೇಕು. ಬಾಕ್ಸಿನ ನಡವಳಿಕೆಯೇ ಬದಲಾಗಬೇಕಿದ್ದರೆ ಮಾತ್ರ ಸಾಫ್ಟ್‌ವೇರ್. ಚಂದನ ಬರುತ್ತಿಲ್ಲ ಎಂದು ಕರೆದ ಮನೆಯಲ್ಲಿ ಸಾಫ್ಟ್‌ವೇರ್ ಕೆದಕಲು ಹೋಗಬೇಡಿ.

3. ರಾತ್ರಿ ಗೋಡೆಯ ಸ್ವಿಚ್ ಆರಿಸುವ ಮನೆಗಳನ್ನು ಗುರುತಿಸಿ

ಎಷ್ಟೋ ಬಾಕ್ಸ್‌ಗಳು ಸ್ಟ್ಯಾಂಡ್‌ಬೈನಲ್ಲಿ ಇರುವಾಗಲೇ ಅಪ್‌ಡೇಟ್ ಹಿಡಿಯುತ್ತವೆ. ಮಲಗುವ ಮುಂಚೆ ಗೋಡೆಯ ಸ್ವಿಚ್ಚೇ ಆರಿಸುವ ಮನೆಯ ಬಾಕ್ಸ್ ತಿಂಗಳುಗಟ್ಟಲೆ ಹಳೆಯ ಆವೃತ್ತಿಯಲ್ಲೇ ಉಳಿಯಬಹುದು. ರಿಮೋಟಿನಲ್ಲಷ್ಟೇ ಆರಿಸಿ ಒಂದೆರಡು ರಾತ್ರಿ ಬಿಡಲು ಹೇಳಿ. ಗುಡುಗು ಸಿಡಿಲಿನ ಹೊತ್ತಿಗೆ ಈ ಮಾತು ಅನ್ವಯಿಸದು. ಏಪ್ರಿಲ್, ಮೇ ತಿಂಗಳ ಸಂಜೆ ಮಳೆ ಕಟ್ಟಿದರೆ ಪ್ಲಗ್ಗನ್ನೂ ಡಿಶ್ ಕೇಬಲನ್ನೂ ಮೊದಲೇ ಕಿತ್ತಿಡಬೇಕು. ಅಪ್‌ಡೇಟ್ ನಾಳೆಯೂ ಸುತ್ತುತ್ತಿರುತ್ತದೆ.

4. ತೆಂಗಿನ ಗರಿಯ ಲೆಕ್ಕ ಹಾಕಿ

ಚಿತ್ರ ಒಂದು ಕ್ಷಣ ಚೂರುಚೂರಾದರೆ ಕಣ್ಣು ಸಹಿಸುತ್ತದೆ. ಸಾಫ್ಟ್‌ವೇರ್ ಒಂದು ತುಂಡು ಕೆಟ್ಟರೂ ಸಹಿಸದು. ಬಾಕ್ಸ್ ಆ ತುಂಡನ್ನು ಎಸೆದು ಮತ್ತೆ ಕಾಯುತ್ತದೆ. ಆದ್ದರಿಂದ ‘ಸ್ಟ್ರೆಂತ್’ ಪಟ್ಟಿ ಎಷ್ಟೇ ಉದ್ದವಿರಲಿ, ನೀವು ನೋಡಬೇಕಾದ್ದು ‘ಕ್ವಾಲಿಟಿ’.

ನಮ್ಮ ಸೀಮೆಯಿಂದ ಫ್ರೀ ಡಿಶ್‌ನ 93.5 ಡಿಗ್ರಿ ಪೂರ್ವದ ಜಾಗ ಆಗ್ನೇಯಕ್ಕೆ, ದಿಗಂತದಿಂದ ಸುಮಾರು 65 ಡಿಗ್ರಿ ಮೇಲಿದೆ. ಟಾಟಾ ಪ್ಲೇ ಬರುವ 83 ಡಿಗ್ರಿ ಇನ್ನೂ ಮೇಲೆ, ಸುಮಾರು 73. ಏರ್‌ಟೆಲ್‌ನ 108.2 ಡಿಗ್ರಿ ಪೂರ್ವಕ್ಕೆ ವಾಲಿ, ಸುಮಾರು 51ರಲ್ಲಿದೆ. ಇಷ್ಟು ಎತ್ತರಕ್ಕೆ ನೋಡುವ ಡಿಶ್‌ಗೆ ದೂರದ ಮೇಲುಕೋಟೆ ಬೆಟ್ಟ ಅಡ್ಡ ಬರುವುದಿಲ್ಲ, ಹಿತ್ತಲ ತೆಂಗಿನ ಮರ ಬರುತ್ತದೆ. ಡಿಶ್‌ಗಿಂತ 30 ಅಡಿ ಎತ್ತರದ ಮರ ಅದೇ ದಿಕ್ಕಿನಲ್ಲಿ 14 ಅಡಿಯೊಳಗಿದ್ದರೆ ಫ್ರೀ ಡಿಶ್‌ಗೆ ಅಡ್ಡಿ, 108.2 ಡಿಗ್ರಿಯ ಡಿಶ್‌ಗಾದರೆ 24 ಅಡಿ ದೂರದಲ್ಲಿದ್ದರೂ ಅಡ್ಡಿ. ಗರಿಯ ಹರವನ್ನು ಇದಕ್ಕೆ ಕೂಡಿಸಿಕೊಳ್ಳಿ. ನಾಗಮಂಗಲ, ಕೆ.ಆರ್. ಪೇಟೆಯ ತೋಟದ ಮನೆಗಳಲ್ಲಿ ಗಾಳಿ ಬೀಸಿದಾಗ ಮಾತ್ರ ಕ್ವಾಲಿಟಿ ಕುಣಿಯುತ್ತಿದ್ದರೆ ಎಲ್‌ಎನ್‌ಬಿ ಬದಲಿಸುವ ಮೊದಲು ಮರ ನೋಡಿ.

ಆಮೇಲೆ ಎಲ್‌ಎನ್‌ಬಿ ಹತ್ತಿರದ ಕನೆಕ್ಟರ್ ಬಿಚ್ಚಿ. ಒಳಗಿನ ತಂತಿ ಹಸಿರುಗಟ್ಟಿದ್ದರೆ ನೀರು ಇಳಿದಿದೆ. ಅಷ್ಟುದ್ದ ಕತ್ತರಿಸಿ, ಹೊಸ ಕನೆಕ್ಟರ್ ಹಾಕಿ, ಟೇಪು ಸುತ್ತಿ. ಕೇಬಲನ್ನು ಒಂದು ಬಳೆಯಷ್ಟು ಕೆಳಗೆ ಇಳಿಬಿಟ್ಟರೆ ಮಳೆನೀರು ಅಲ್ಲೇ ತೊಟ್ಟಿಕ್ಕುತ್ತದೆ.

5. ಬರೆಯುವ ಹೊತ್ತಿನಲ್ಲಿ ಮುಟ್ಟಬೇಡಿ, ಮುಟ್ಟಲೂ ಬಿಡಬೇಡಿ

ಇಳಿಸಿಕೊಳ್ಳುವಾಗ ಕರೆಂಟು ಹೋದರೆ ನಷ್ಟವಿಲ್ಲ. ಮೆಮೊರಿಗೆ ಬರೆಯುವಾಗ ಹೋದರೆ ಅಪಾಯ. ಕೆಲವು ಬಾಕ್ಸ್‌ಗಳು ಹಳೆಯ ಪ್ರತಿಯನ್ನು ಉಳಿಸಿಕೊಂಡಿರುತ್ತವೆ, ಅಗ್ಗದವು ಉಳಿಸಿಕೊಳ್ಳುವುದಿಲ್ಲ. ಪರದೆ ಕಪ್ಪಾಗಿ, ದೀಪ ಮಿಣುಕುತ್ತಿರುವಾಗ ಮನೆಯ ಅಜ್ಜಿ ‘ಏನ್ ಮಗ, ಬಾಕ್ಸ್ ಕೆಟ್ಟೋಯ್ತಾ?’ ಎಂದು ಸ್ವಿಚ್ಚಿನ ಕಡೆ ಕೈ ಚಾಚುತ್ತಾರೆ. ‘ಇಲ್ಲ ಕಣಜ್ಜಿ, ಹೊಸ ಸಾಫ್ಟ್‌ವೇರ್ ಹಾಕ್ಕೊಳ್ತೈತೆ, ಅರ್ಧ ಗಂಟೆ ಮುಟ್ಬ್ಯಾಡಿ’ ಎಂದು ಮೊದಲೇ ಹೇಳಿಟ್ಟರೆ ಒಂದು ಬಾಕ್ಸ್ ಉಳಿಯುತ್ತದೆ.

ಬಹಳ ಬಾಕ್ಸ್‌ಗಳು 12 ವೋಲ್ಟಿನ ಅಡಾಪ್ಟರ್‌ನಲ್ಲಿ ನಡೆಯುತ್ತವೆ. ಅಂಥ ಮನೆಗೆ ವೈಫೈ ರೂಟರ್‌ಗೆ ಬಳಸುವ ಪುಟ್ಟ ಯುಪಿಎಸ್ ಸಾಕು. ಬಾಕ್ಸಿನ ಹಿಂದಿನ ಚೀಟಿಯಲ್ಲಿ ವೋಲ್ಟ್, ಆಂಪಿಯರ್ ಓದಿಯೇ ಜೋಡಿಸಿ.

6. ಮೊದಲು ಫೋಟೋ, ಆಮೇಲೆ ಅಪ್‌ಡೇಟ್

ಅಪ್‌ಡೇಟ್ ಆದ ಮೇಲೆ ಕೆಲವೊಮ್ಮೆ ಸೆಟ್ಟಿಂಗ್‌ಗಳು ಅಳಿಸಿಹೋಗುತ್ತವೆ. ಎಲ್‌ಎನ್‌ಬಿ ಪುಟ, ಅಂದರೆ ಸಾಮಾನ್ಯವಾಗಿ 9750/10600 ಎಂದಿರುವುದು, ಸ್ವಿಚ್ ಪೋರ್ಟ್, ಆವೃತ್ತಿ ಸಂಖ್ಯೆ, ಮೂರನ್ನೂ ಫೋನಿನಲ್ಲಿ ಚಿತ್ರ ತೆಗೆದಿಟ್ಟುಕೊಳ್ಳಿ.

7. ಪೆನ್ ಡ್ರೈವ್ ಫೈಲುಗಳ ವಿಷಯದಲ್ಲಿ ಕಠಿಣವಾಗಿರಿ

ಫ್ರೀ ಡಿಶ್‌ಗೆಂದು ಅಂಗಡಿಯಲ್ಲಿ ಸಿಗುವ ಬ್ರ್ಯಾಂಡಿಲ್ಲದ ಬಾಕ್ಸ್‌ಗಳಲ್ಲಿ ಹಲವಕ್ಕೆ ಆಕಾಶದಿಂದ ಅಪ್‌ಡೇಟ್ ಬರುವುದಿಲ್ಲ, ಯುಎಸ್‌ಬಿಯೇ ದಾರಿ. ಹೊರಗಿನ ಡಬ್ಬ ಒಂದೇ ರೀತಿ ಕಂಡರೂ ಒಳಗಿನ ಬೋರ್ಡ್, ಚಿಪ್ ಬೇರೆ ಇರುತ್ತವೆ. ಬೋರ್ಡ್ ಸಂಖ್ಯೆ ತಾಳೆಯಾಗದ ಫೈಲ್ ಹಾಕಿದರೆ ಬಾಕ್ಸ್ ಮತ್ತೆ ಏಳುವುದಿಲ್ಲ. ದುಡ್ಡಿನ ಚಾನೆಲ್ ಪುಕ್ಕಟೆ ತೆರೆಯುತ್ತದೆ ಎಂದು ವಾಟ್ಸ್ಆಪ್‌ನಲ್ಲಿ ಓಡಾಡುವ ಫೈಲುಗಳನ್ನಂತೂ ಮುಟ್ಟಲೇಬೇಡಿ. ಅದು ಕಳ್ಳತನ, ಗಿರಾಕಿಯನ್ನೂ ಸಿಕ್ಕಿಸುತ್ತದೆ. ‘ಬಾಕ್ಸ್ ಅಪ್‌ಡೇಟ್ ಮಾಡಲು ಒಟಿಪಿ ಹೇಳಿ’ ಎಂಬ ಕರೆ ಬಂದರೆ ಮೋಸವೆಂದೇ ತಿಳಿಯಿರಿ ಎಂದು ಪ್ರತಿ ಮನೆಯಲ್ಲೂ ಹೇಳಿ ಬನ್ನಿ. ಆಕಾಶದಿಂದ ಬರುವ ಅಪ್‌ಡೇಟ್‌ಗೆ ಒಟಿಪಿ ಬೇಕಿಲ್ಲ.

8. ಸಾಫ್ಟ್‌ವೇರ್‌ಗೆ ಆಗದ ಕೆಲಸ ಯಾವುದೆಂದು ಗೊತ್ತಿರಲಿ, ಕೂಲಿ ಅದಕ್ಕೆ ತಕ್ಕಂತಿರಲಿ

2010ರ ಜುಲೈನಲ್ಲಿ ಇನ್ಸಾಟ್-4ಬಿ ಉಪಗ್ರಹದ ವಿದ್ಯುತ್ ವ್ಯವಸ್ಥೆಯಲ್ಲಿ ದೋಷ ಬಂದು ಅರ್ಧದಷ್ಟು ಟ್ರಾನ್ಸ್‌ಪಾಂಡರ್‌ಗಳನ್ನು ಆರಿಸಬೇಕಾಯಿತು. ಅದರ ಮೇಲೆ ನಿಂತಿದ್ದ ಸನ್ ಡೈರೆಕ್ಟ್ ಮೀಸ್ಯಾಟ್-3ಕ್ಕೆ ಹೋಯಿತು. 93.5ರಿಂದ 91.5ಕ್ಕೆ, ಬರೀ ಎರಡು ಡಿಗ್ರಿ. ಆ ಎರಡು ಡಿಗ್ರಿಯನ್ನು ಯಾವ ಅಪ್‌ಡೇಟೂ ಸರಿದೂಗಿಸಲಾರದು. ಯಾರಾದರೂ ಮಾಳಿಗೆ ಹತ್ತಿ ಡಿಶ್ ಕದಲಿಸಲೇಬೇಕು. ಹಾಗೆಯೇ ಎಂಪೆಗ್-2 ಚಿಪ್ಪಿನ ಹಳೆಯ ಬಾಕ್ಸ್ ಸಾಫ್ಟ್‌ವೇರ್‌ನಿಂದ ಎಂಪೆಗ್-4 ಆಗದು. ಫ್ರೀ ಡಿಶ್‌ನಲ್ಲಿ ಎರಡೂ ಬಗೆಯ ಚಾನೆಲ್‌ಗಳಿವೆ. ಅವರಿಗೆ ಬೇಕಾದ್ದು ಹಳೆಯದರಲ್ಲೇ ಬರುತ್ತಿದ್ದರೆ ಹೊಸ ಬಾಕ್ಸ್ ಮಾರಬೇಡಿ.

ತಾನಾಗಿ ಇಳಿಯುವ ಅಪ್‌ಡೇಟ್‌ಗೆ ದುಡ್ಡು ಕೇಳುವುದು ನನ್ನ ಮಟ್ಟಿಗೆ ಅನ್ಯಾಯ. ಮಾಳಿಗೆ ಹತ್ತಿದ್ದಕ್ಕೆ, ಕನೆಕ್ಟರ್ ಹಾಕಿದ್ದಕ್ಕೆ, ಡಿಶ್ ಕೂರಿಸಿದ್ದಕ್ಕೆ ಧಾರಾಳವಾಗಿ ಕೇಳಿ, ಅದು ನಿಮ್ಮ ಬೆವರು. ಒಂದು ಪುಸ್ತಕ ಇಟ್ಟು ಊರು, ಮನೆ, ಬಾಕ್ಸ್ ಮಾಡೆಲ್, ಆವೃತ್ತಿ, ಅಂದಿನ ಕ್ವಾಲಿಟಿ ಬರೆಯುತ್ತಾ ಹೋಗಿ. ಒಂದೇ ಮಾಡೆಲಿನ ದೂರು ಪಾಂಡವಪುರದಿಂದಲೂ ಶ್ರೀರಂಗಪಟ್ಟಣದಿಂದಲೂ ಒಂದೇ ವಾರ ಬಂದರೆ ದೋಷ ಡಿಶ್‌ನಲ್ಲಿಲ್ಲ, ಹೊಸ ಆವೃತ್ತಿಯಲ್ಲಿದೆ ಎಂದು ಆ ಪುಸ್ತಕ ನೋಡಿಯೇ ಹೇಳಬಹುದು. ಆಗ ಮಾಳಿಗೆ ಹತ್ತಬೇಕಿಲ್ಲ. ಮಾಡೆಲ್, ಆವೃತ್ತಿ ಎರಡನ್ನೂ ಹೇಳಿ ಕಂಪನಿಗೆ ದೂರು ಬರೆಸಿ.