ಗೃಹಿಣಿಯ ವಿರಾಮವೇಳೆ ಮತ್ತು ಮನಸ್ಸಿನ ಆರೋಗ್ಯ

ಕುಟುಂಬದ ಆರೋಗ್ಯವನ್ನು ಕುರಿತು ಹೇಳುವಾಗ ಆಹಾರ, ಶುಚಿತ್ವ, ಲಸಿಕೆ, ಹೆರಿಗೆಗಳ ನಡುವಣ ಅಂತರ ಇವುಗಳನ್ನೇ ಸಾಮಾನ್ಯವಾಗಿ ಪ್ರಸ್ತಾಪಿಸಲಾಗುತ್ತದೆ. ತಾಯಿಯ ಬಿಡುವಿನ ವೇಳೆಯ ಮಾತು ಬರುವುದು ಅಪರೂಪ. ಬಂದರೂ 'ಅವಳಿಗೇನು, ಮಧ್ಯಾಹ್ನವೆಲ್ಲ ಕಾದಂಬರಿ ಹಿಡಿದು ಕೂರುತ್ತಾಳೆ' ಎಂಬ ಆಕ್ಷೇಪಣೆಯ ರೂಪದಲ್ಲಿಯೇ ಹೆಚ್ಚು. ಪ್ರೇಮಕಥೆಯ ಕಾದಂಬರಿ, ದೂರದರ್ಶನದ ಪರದೆಯ ಮೇಲಿನ ವಧೂವರಾನ್ವೇಷಣೆ, ಉಲ್ಲನ್ ಹೆಣಿಗೆ ಈ ಮೂರನ್ನೂ ಮನೆಯ ಹಿರಿಯರು ಕಾಲಹರಣವೆಂದು ಒಂದೇ ಸಾಲಿನಲ್ಲಿ ಸೇರಿಸುವುದುಂಟು. ಇವು ತಾಯಿಯ ಆರೋಗ್ಯಕ್ಕೆ ಹೇಗೆ ಸಂಬಂಧಿಸಿವೆ ಎಂಬುದನ್ನು ಈ ಪಾಠದಲ್ಲಿ ವಿಚಾರಿಸೋಣ.

ಮೊದಲು ಬಿಡುವು ಎಷ್ಟಿದೆ ಎಂಬುದನ್ನು ತಿಳಿಯಬೇಕು. ಕೇಂದ್ರ ಸರ್ಕಾರವು 2024ರಲ್ಲಿ ನಡೆಸಿದ ಕಾಲವಿನಿಯೋಗ ಸಮೀಕ್ಷೆಯ ಪ್ರಕಾರ, ವೇತನವಿಲ್ಲದ ಮನೆಗೆಲಸದಲ್ಲಿ ತೊಡಗುವ ಮಹಿಳೆಯು ಅದಕ್ಕಾಗಿ ದಿನಕ್ಕೆ ಸರಾಸರಿ 289 ನಿಮಿಷಗಳನ್ನು ವ್ಯಯಿಸುತ್ತಾಳೆ. ಅಂತಹ ಕೆಲಸಕ್ಕೆ ಕೈಹಚ್ಚುವ ಪುರುಷನು 88 ನಿಮಿಷಗಳನ್ನು ಮಾತ್ರ. ಮಕ್ಕಳ ಮತ್ತು ವೃದ್ಧರ ಆರೈಕೆಯು ಈ ಲೆಕ್ಕಕ್ಕೆ ಸೇರಿಲ್ಲ, ಅದು ಬೇರೆ. 'ಕೆಲಸವೆಲ್ಲ ಮುಗಿದ ಮೇಲೆ ಬೇಕಾದರೆ ಓದಿಕೊಳ್ಳಲಿ' ಎಂದು ಹೇಳುವವರು, ಮನೆಗೆಲಸವು ಮುಗಿಯುವ ಸ್ವಭಾವದ್ದಲ್ಲವೆಂಬುದನ್ನು ಗಮನಿಸಿದಂತೆ ಕಾಣುವುದಿಲ್ಲ. ಆದುದರಿಂದ ವಿರಾಮವನ್ನು ಉಳಿದ ವೇಳೆಯೆಂದು ಭಾವಿಸದೆ, ಊಟ ನಿದ್ರೆಗಳಂತೆ ದಿನಚರಿಯಲ್ಲಿ ಮೊದಲೇ ತೆಗೆದಿರಿಸತಕ್ಕದ್ದು.

ಕಾದಂಬರಿಯ ವಿಷಯವನ್ನು ಸ್ವಲ್ಪ ವಿಸ್ತಾರವಾಗಿ ಹೇಳಬೇಕಾಗಿದೆ. ಕನ್ನಡ ನಾಡಿನ ಮಹಿಳೆಯರು ಕಾದಂಬರಿಗಳನ್ನು ಓದಿದ್ದು ವಾರಪತ್ರಿಕೆಗಳ ಧಾರಾವಾಹಿಗಳಲ್ಲಿ, ಬೀದಿಯ ಬಾಡಿಗೆ ಪುಸ್ತಕದಂಗಡಿಗಳಿಂದ ತಂದ ಹಳೆಯ ಪ್ರತಿಗಳಲ್ಲಿ, ನೆರೆಮನೆಯವರೊಡನೆ ಕೊಟ್ಟು ತೆಗೆದುಕೊಂಡ ಪುಸ್ತಕಗಳಲ್ಲಿ. ಬರೆದವರಲ್ಲಿಯೂ ಅನೇಕರು ಗೃಹಿಣಿಯರೇ. ಎಂ. ಕೆ. ಇಂದಿರಾ ಅವರು ಕಾದಂಬರಿ ರಚನೆಗೆ ತೊಡಗಿದಾಗ ಅವರ ವಯಸ್ಸು ಸುಮಾರು 45. ಪ್ರೇಮಕಥೆಗಳನ್ನು ಓದಿದರೆ ಹೆಣ್ಣುಮಕ್ಕಳು ಕೆಡುತ್ತಾರೆಂಬ ಮಾತು ಆಗಲೂ ಇತ್ತು, ಈಗಲೂ ಇದೆ. ಹಾಗೆ ನುಡಿಯುವವರಲ್ಲಿ ಆ ಪುಸ್ತಕಗಳನ್ನು ಓದಿದವರು ವಿರಳ.

ತ್ರಿವೇಣಿಯವರ 'ಶರಪಂಜರ'ವನ್ನೇ ತೆಗೆದುಕೊಳ್ಳಿ. ಮನಶ್ಶಾಸ್ತ್ರವನ್ನು ಅಭ್ಯಾಸ ಮಾಡಿದ್ದ ಈ ಲೇಖಕಿ 1963ರಲ್ಲಿ, ಕಿರಿಯ ವಯಸ್ಸಿನಲ್ಲಿಯೇ ನಿಧನರಾದರು. ಪ್ರೇಮ ಮತ್ತು ದಾಂಪತ್ಯದ ಕಥೆಯೆಂದು ಓದಲು ಹಿಡಿದ ಓದುಗಳಿಗೆ ಈ ಕೃತಿಯಲ್ಲಿ ದೊರೆತದ್ದು ಹೆರಿಗೆಯ ನಂತರ ಮಾನಸಿಕ ಅಸ್ವಸ್ಥತೆಗೆ ಒಳಗಾದ ಕಾವೇರಿಯೆಂಬ ಗೃಹಿಣಿಯ ಚಿತ್ರಣ. ಅವಳು ಚಿಕಿತ್ಸೆಯಿಂದ ಗುಣಹೊಂದಿ ಹಿಂದಿರುಗುತ್ತಾಳೆ. ಆದರೆ ಮನೆಯವರೂ ನೆರೆಯವರೂ ಅವಳನ್ನು ಹುಚ್ಚಿಯೆಂದೇ ಕಾಣುತ್ತಾರೆ. ಪುಟ್ಟಣ್ಣ ಕಣಗಾಲರು ಇದನ್ನು 1970ರ ದಶಕದ ಆರಂಭದಲ್ಲಿ ಚಲನಚಿತ್ರವನ್ನಾಗಿಸಿದರು. ರೋಗ ವಾಸಿಯಾದರೂ ಕಳಂಕ ವಾಸಿಯಾಗದೆಂಬುದನ್ನು ಇಷ್ಟು ಮಂದಿಗೆ ಮುಟ್ಟಿಸುವುದು ನಮ್ಮ ಇಲಾಖೆಯ ಕಿರುಹೊತ್ತಗೆಗಳಿಗೂ ಸಾಧ್ಯವಾಗಿರಲಾರದು.

ಎಲ್ಲ ಕಾದಂಬರಿಗಳೂ ಈ ಮಟ್ಟದವಲ್ಲ, ಇರಬೇಕಾಗಿಯೂ ಇಲ್ಲ. ಕೊನೆಯ ಪುಟದಲ್ಲಿ ನಾಯಕ ನಾಯಕಿಯರು ಒಂದಾಗುವರೆಂದು ಮೊದಲೇ ತಿಳಿದಿರುವ ಕಥೆಯನ್ನು ಓದುವುದರಲ್ಲಿ ಒಂದು ನೆಮ್ಮದಿಯಿದೆ. ದಿನವಿಡೀ ಅನಿಶ್ಚಿತತೆಯೊಡನೆ ಹೆಣಗುವವಳಿಗೆ ಆ ನಿಶ್ಚಿತತೆಯೇ ವಿಶ್ರಾಂತಿ.

ಪರದೆಯ ಮೇಲಿನ ವಧೂವರಾನ್ವೇಷಣೆಯು ಈಚಿನದು. ಅಮೆರಿಕದಲ್ಲಿ 2002ರಲ್ಲಿ ಆರಂಭವಾದ 'ದಿ ಬ್ಯಾಚುಲರ್' ಕಾರ್ಯಕ್ರಮದಲ್ಲಿ ಒಬ್ಬ ಪುರುಷನು ಹಲವಾರು ಯುವತಿಯರ ಪೈಕಿ ಒಬ್ಬಳನ್ನು ಆರಿಸಿಕೊಳ್ಳುತ್ತಾನೆ. ಉಳಿದುಕೊಳ್ಳುವವರಿಗೆ ಗುಲಾಬಿ ಹೂವನ್ನು ನೀಡುತ್ತಾನೆ. ಭಾರತದಲ್ಲಿ 2009ರಲ್ಲಿ ಹಿಂದಿ ವಾಹಿನಿಯೊಂದರಲ್ಲಿ ನಟಿಯೊಬ್ಬರ ಸ್ವಯಂವರವೇ ಪ್ರಸಾರವಾಯಿತು. ನಿಶ್ಚಿತಾರ್ಥವೂ ಆಯಿತು, ಮದುವೆ ಮಾತ್ರ ನಡೆಯಲಿಲ್ಲ. ಈಗ ಇಂತಹವು ಮೊಬೈಲ್ ಫೋನಿನಲ್ಲಿಯೇ ದೊರೆಯುತ್ತವೆ. ಅತ್ತೆ ಸೊಸೆಯರು ಜೊತೆಯಲ್ಲಿ ಕುಳಿತು 'ಅವನನ್ನು ನಂಬಬೇಡವೇ ಹುಡುಗಿ' ಎಂದು ಪರದೆಗೆ ಬುದ್ಧಿ ಹೇಳುವುದರಲ್ಲಿ ತಪ್ಪೇನೂ ಇಲ್ಲ. ತಮ್ಮ ಮನೆಯ ಸಂಗತಿಗಳನ್ನು ನೇರವಾಗಿ ಆಡಲಾರದವರು ಪರರ ಕಥೆಯ ನೆಪದಲ್ಲಿ ಆಡಿಕೊಳ್ಳುವುದೂ ಉಂಟು. ಆದರೆ ಇವುಗಳಲ್ಲಿ ಬಹಳ ಹೊತ್ತು ಚಿತ್ರಿಸಿದ್ದರಲ್ಲಿ ಸ್ವಲ್ಪ ಭಾಗವನ್ನು ಮಾತ್ರ ಆಯ್ದು ಜೋಡಿಸಿ ತೋರಿಸಲಾಗುತ್ತದೆಯೆಂಬುದನ್ನು ತಿಳಿದು ನೋಡತಕ್ಕದ್ದು. ಅಲ್ಲಿಯ ಅಂಗಸೌಷ್ಠವ, ಉಡುಪು, ಉದ್ವೇಗಗಳೊಡನೆ ತಮ್ಮ ದೇಹವನ್ನೂ ಪತಿಯನ್ನೂ ಹೋಲಿಸಿಕೊಳ್ಳತೊಡಗಿದರೆ ವಿನೋದವು ವ್ಯಥೆಯಾಗುತ್ತದೆ. ರಾತ್ರಿ ನಿದ್ರೆಯನ್ನು ಕಡಿಮೆ ಮಾಡಿ ನೋಡಬಾರದು. ಎರಡು ವರ್ಷ ತುಂಬದ ಮಕ್ಕಳನ್ನು ಪರದೆಯ ಮುಂದೆ ಕೂರಿಸಬಾರದೆಂದು ವಿಶ್ವ ಆರೋಗ್ಯ ಸಂಸ್ಥೆಯು 2019ರಲ್ಲಿ ಸಲಹೆ ಮಾಡಿದೆ.

ಇನ್ನು ಹೆಣಿಗೆ. ಎರಡು ಕಡ್ಡಿ, ಒಂದು ಉಂಡೆ ಉಲ್ಲನ್ ಇದ್ದರೆ ಸಾಕು. ದಾರವನ್ನು ಹಿಂದಿಟ್ಟುಕೊಂಡು ಹೆಣೆಯುವುದು, ಮುಂದಿಟ್ಟುಕೊಂಡು ಹೆಣೆಯುವುದು, ಈ ಎರಡು ಬಗೆಯನ್ನು ಕಲಿತವರು ಕುಲಾವಿಯಿಂದ ಸ್ವೆಟರಿನವರೆಗೆ ಏನನ್ನಾದರೂ ಹೆಣೆಯಬಲ್ಲರು. ತಪ್ಪಿದರೆ ದಾರವನ್ನೆಳೆದು ಬಿಚ್ಚಿ ಪುನಃ ಹೆಣೆಯಬಹುದು; ಒಂದು ಮೊಳ ಉಲ್ಲನ್ನೂ ವ್ಯರ್ಥವಾಗುವುದಿಲ್ಲ. ಮಗು ಅತ್ತಾಗ ನಡುವೆ ಬಿಟ್ಟು ಎದ್ದು, ಮರಳಿ ಅದೇ ಕುಣಿಕೆಯಿಂದ ಮುಂದುವರಿಸಬಹುದಾದ ಇಂತಹ ಕೆಲಸ ಮನೆಯಲ್ಲಿ ಬೇರೆ ಯಾವುದಿದೆ? 2013ರಲ್ಲಿ ಬ್ರಿಟನ್ನಿನ ವೈದ್ಯಕೀಯ ಪತ್ರಿಕೆಯೊಂದರಲ್ಲಿ ಪ್ರಕಟವಾದ ಸಮೀಕ್ಷೆಯಲ್ಲಿ 3,545 ಮಂದಿ ಹೆಣಿಗೆಯವರು ಭಾಗವಹಿಸಿದ್ದರು. ಹೆಚ್ಚು ಬಾರಿ ಹೆಣೆಯುವವರು ತಮ್ಮ ಮನಸ್ಸು ಶಾಂತವಾಗಿಯೂ ಸಂತೋಷವಾಗಿಯೂ ಇರುವುದೆಂದು ತಿಳಿಸಿದರು. ಹೆಣಿಗೆಯನ್ನು ಪ್ರೀತಿಸುವವರನ್ನೇ ಕೇಳಿದ್ದರಿಂದ ಇದನ್ನು ಔಷಧಿಯ ಪರೀಕ್ಷೆಯಂತೆ ಪರಿಗಣಿಸಲಾಗದು. ಆದರೂ ಅವರ ಅನುಭವವನ್ನು ತಳ್ಳಿಹಾಕಬೇಕಾಗಿಲ್ಲ.

ಹಸುಳೆಗಾಗಿ ಹೆಣೆಯುವಾಗ ಒಳಭಾಗದಲ್ಲಿ ಸಡಿಲ ಎಳೆಗಳನ್ನು ಬಿಡಬಾರದು. ಅವು ಮಗುವಿನ ಬೆರಳಿಗೆ ಸುತ್ತಿಕೊಂಡು ರಕ್ತಸಂಚಾರವನ್ನು ತಡೆಯಬಹುದು. ಕಿತ್ತುಬರುವ ಗುಂಡಿಗಳನ್ನು ಹೊಲಿಯಬಾರದು. ಹೆಣೆದ ಬಟ್ಟೆಯನ್ನು ಒಗೆದು, ಬಿಸಿಲಿನಲ್ಲಿ ಒಣಗಿಸಿ ತೊಡಿಸಬೇಕು. ನಲವತ್ತು ದಾಟಿದವರಿಗೆ ಕುಣಿಕೆಗಳು ಮಸುಕಾಗಿ ಕಂಡರೆ ಕನ್ನಡಕದ ಅಗತ್ಯವಿದೆಯೆಂದು ತಿಳಿದು ಕಣ್ಣು ಪರೀಕ್ಷೆ ಮಾಡಿಸಿಕೊಳ್ಳುವುದು ಒಳ್ಳೆಯದು.

ಬಾಣಂತಿಯು ಓದಬಾರದು, ಹೊಲಿಗೆ ಹೆಣಿಗೆ ಮಾಡಬಾರದು, ಕಣ್ಣು ಕೆಡುತ್ತದೆ ಎಂಬ ನಂಬಿಕೆ ಅನೇಕ ಮನೆಗಳಲ್ಲಿದೆ. ಸಾಕಷ್ಟು ಬೆಳಕಿನಲ್ಲಿ ಓದುವುದರಿಂದ ಬಾಣಂತಿಯ ದೃಷ್ಟಿಗೆ ಹಾನಿಯಿಲ್ಲ. ಕತ್ತಲ ಕೋಣೆಯಲ್ಲಿ, ಮಾತಿಗೂ ಯಾರಿಲ್ಲದೆ, ಕೈಗೆ ಏನನ್ನೂ ಕೊಡದೆ ಇರಿಸುವುದೇ ಅವಳ ಮನಸ್ಸಿಗೆ ಹೆಚ್ಚು ಭಾರ.

ವಿಶೇಷವಾಗಿ ಗಮನಿಸಬೇಕಾದುದು ಇಲ್ಲಿದೆ. ಹೆರಿಗೆಯಾದ ಕೆಲವು ದಿನಗಳಲ್ಲಿ ಕಾರಣವಿಲ್ಲದೆ ಅಳು ಬರುವುದು ಸಾಮಾನ್ಯ. ಅದು ಎರಡು ವಾರಗಳೊಳಗೆ ತಾನಾಗಿಯೇ ಶಮನವಾಗುತ್ತದೆ. ಆದರೆ ಹಿಂದೆ ಕಾದಂಬರಿಯ ಮುಂದಿನ ಕಂತಿಗಾಗಿ ಕಾಯುತ್ತಿದ್ದವಳು ಈಗ ಪುಸ್ತಕವನ್ನು ಮುಟ್ಟದಿದ್ದರೆ, ಅರ್ಧ ಹೆಣೆದ ಕುಲಾವಿಯು ಹಾಗೆಯೇ ಬಿದ್ದಿದ್ದರೆ, ಮೆಚ್ಚಿನ ಕಾರ್ಯಕ್ರಮದ ಮುಂದೆ ಕುಳಿತೂ ಯಾವುದರಲ್ಲಿಯೂ ರುಚಿಯಿಲ್ಲದೆ ಶೂನ್ಯವಾಗಿ ನೋಡುತ್ತಿದ್ದರೆ, ಅದನ್ನು 'ಈಗ ಜವಾಬ್ದಾರಿ ಬಂದಿದೆ' ಎಂದು ಮೆಚ್ಚಿಕೊಳ್ಳಬಾರದು. ಸುಖ ಕೊಡುತ್ತಿದ್ದುದರಲ್ಲಿ ಸುಖವೇ ತೋರದಿರುವುದು ಖಿನ್ನತೆಯ ಒಂದು ಮುಖ್ಯ ಲಕ್ಷಣ. ಅಭಿವೃದ್ಧಿಶೀಲ ರಾಷ್ಟ್ರಗಳಲ್ಲಿ ಹೆರಿಗೆಯ ನಂತರ ಸುಮಾರು ಐವರಲ್ಲಿ ಒಬ್ಬ ತಾಯಿಗೆ ಮಾನಸಿಕ ಅಸ್ವಸ್ಥತೆ, ಬಹುಪಾಲು ಖಿನ್ನತೆ, ತಲೆದೋರುತ್ತದೆಂದು ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು. ಆಗ ಕಡ್ಡಿ ಉಲ್ಲನ್ನುಗಳನ್ನು ಬಲವಂತವಾಗಿ ಕೈಗಿತ್ತು 'ಮನಸ್ಸು ಬೇರೆಡೆಗೆ ತಿರುಗಿಸು' ಎಂದು ಹೇಳುವುದರಿಂದ ಪ್ರಯೋಜನವಿಲ್ಲ. ಹವ್ಯಾಸವು ಆರೋಗ್ಯವನ್ನು ಕಾಯಲು ನೆರವಾದೀತೇ ಹೊರತು ರೋಗಕ್ಕೆ ಚಿಕಿತ್ಸೆಯಾಗದು.

ಅವಳಿಗೆ ಯಾವುದು ಪ್ರಿಯವಾಗಿತ್ತೆಂಬುದನ್ನು ಮೊದಲೇ ಅರಿತಿರುವ ಪತಿ, ತಾಯಿ, ಅತ್ತೆಯವರಿಗೆ ಮಾತ್ರ ಈ ಬದಲಾವಣೆ ಕಣ್ಣಿಗೆ ಬೀಳುತ್ತದೆ. ಮನೆಗೆ ಭೇಟಿ ನೀಡುವ ಆಶಾ ಕಾರ್ಯಕರ್ತೆಯರು ಹಾಲು, ಹೊಕ್ಕುಳು, ತೂಕಗಳನ್ನು ವಿಚಾರಿಸಿದ ನಂತರ 'ಈಚೆಗೆ ಏನು ಓದಿದಿರಿ, ಏನು ನೋಡಿದಿರಿ' ಎಂದು ಒಂದು ಮಾತು ಕೇಳಬಹುದು. ಎರಡು ವಾರ ಮೀರಿಯೂ ಬೇಸರ, ನಿದ್ರಾಹೀನತೆ, ಮಗುವಿನ ಬಗ್ಗೆ ನಿರಾಸಕ್ತಿ ಮುಂದುವರಿದರೆ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರನ್ನು ಕಾಣಿಸಬೇಕು. 2022ರಲ್ಲಿ ಆರಂಭವಾದ ಟೆಲಿ ಮಾನಸ್ ಸೇವೆಗೆ 14416 ಸಂಖ್ಯೆಯಲ್ಲಿ ಹಗಲು ರಾತ್ರಿ ಉಚಿತವಾಗಿ, ಕನ್ನಡದಲ್ಲಿಯೇ ಕರೆ ಮಾಡಬಹುದು. ಅಸಂಬದ್ಧ ಮಾತು, ಭ್ರಮೆ, ತನಗೆ ಅಥವಾ ಮಗುವಿಗೆ ಅಪಾಯ ಮಾಡುವ ಯೋಚನೆ ಕಂಡುಬಂದರೆ, ಹಿಂದಿನವರು ಬಾಣಂತಿ ಸನ್ನಿ ಎಂದು ಕರೆಯುತ್ತಿದ್ದ ಆ ಸ್ಥಿತಿಯಲ್ಲಿ, ತಾಯಿಯನ್ನೂ ಮಗುವನ್ನೂ ಒಂಟಿಯಾಗಿ ಬಿಡದೆ ಅದೇ ದಿನ ಆಸ್ಪತ್ರೆಗೆ ಕರೆದೊಯ್ಯತಕ್ಕದ್ದು.